ತೆರೆಯೋದೋ ಮುಚ್ಚೋದೋ: ಲಾಕ್‌ಡೌನ್ ಸಡಿಲಿಕೆಗೆ ಊರು ಎರಡಾದಾಗ ಪಂಚಾಯಿತಿ ಸಭೆ ನಡೆಸುವ ಕ್ರಮ

ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾಗಿ, 2021ರ ಜೂನ್ 14ರಿಂದ ರಾಜ್ಯದ 19 ಜಿಲ್ಲೆಗಳಲ್ಲಿ ದಿನಸಿ ಅಂಗಡಿಗಳು ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ತೆರೆಯಬಹುದು ಎಂದಾಯಿತು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು ಸೇರಿ 11 ಜಿಲ್ಲೆಗಳಿಗೆ ಆ ಭಾಗ್ಯವಿರಲಿಲ್ಲ. ಪಾಸಿಟಿವಿಟಿ (ಪರೀಕ್ಷೆಯಾದವರಲ್ಲಿ ಸೋಂಕು ಕಂಡವರ ಪ್ರಮಾಣ) ಇಳಿದಿಲ್ಲವೆಂದು ಹಳೆಯ ನಿರ್ಬಂಧವೇ 21ರವರೆಗೆ ಮುಂದುವರಿಯಿತು. ಮುಂಗಾರು ಹಿಡಿಯುವ ಹೊತ್ತು ಅದು: ಅಡಿಕೆಗೆ ಔಷಧಿ ಹೊಡೆಯಬೇಕು, ಸಸಿಮಡಿಗೆ ಬೀಜ ಹಾಕಬೇಕು, ಮಳೆಗಾಲಕ್ಕೆ ದಿನಸಿ ತುಂಬಿಸಬೇಕು. ‘ಇನ್ನೆಷ್ಟು ದಿನ ಹೀಗೆ?’ ಎನ್ನುವವರು ಒಂದು ಕಡೆ, ‘ಈಗ ಬಿಟ್ಟರೆ ಮನೆಮನೆಗೂ ಬರುತ್ತೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಪಿಡಿಒ ಮುಖ ನೋಡುತ್ತಾರೆ.

ಮುಂದೆ ಯಾವ ಸಾಂಕ್ರಾಮಿಕ ಬಂದರೂ ಈ ಜಗಳ ಬರುತ್ತದೆ. ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಗೆ ಬೇಸಿಗೆಯಲ್ಲಿ ಕಾಡಿಗೆ ಹೋಗಬೇಡಿ ಎಂದಾಗಲೂ, ಸೊಪ್ಪು, ದರಗು (ಒಣ ಎಲೆ) ಬೇಕಾದವರಿಗೂ ಆರೋಗ್ಯ ಇಲಾಖೆಗೂ ನಡುವೆ ಇದರದ್ದೇ ಸಣ್ಣ ರೂಪ ಕಾಣುತ್ತದೆ. ಇಲ್ಲಿರುವುದು ಪಂಚಾಯಿತಿ ಕಾರ್ಯಪಡೆ, ಆಶಾ ಕಾರ್ಯಕರ್ತೆ, ಸಹಕಾರ ಸಂಘದವರು ಅನುಸರಿಸಬಹುದಾದ ಕ್ರಮ. ಇದರ ಬುಡ ಒಂದೇ: ಯಾವ ಅಂಕಿ ಬಂದರೆ ಯಾವುದನ್ನು ತೆರೆಯುತ್ತೇವೆ, ಯಾವುದು ಬಂದರೆ ಮತ್ತೆ ಮುಚ್ಚುತ್ತೇವೆ ಎಂಬುದನ್ನು ಆ ಅಂಕಿ ಬರುವ ಮೊದಲೇ ಬರೆದು ಸಹಿ ಹಾಕಿಸಬೇಕು. ಅಂಕಿ ಬಂದ ಮೇಲೆ ಕೂತರೆ ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಥವನ್ನೇ ಅದರಲ್ಲಿ ಓದುತ್ತಾರೆ.

ಮೊದಲು, ಅಧಿಕಾರ ಎಷ್ಟಿದೆ ನೋಡಿಕೊಳ್ಳಿ

ಸಭೆಯ ಅರ್ಧ ಹೊತ್ತು ಹಾಳಾಗುವುದು ಪಂಚಾಯಿತಿಯ ಕೈಯಲ್ಲೇ ಇಲ್ಲದ ವಿಷಯಕ್ಕೆ. ಲಾಕ್‌ಡೌನ್ ಆದೇಶ ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಜೊತೆಗೆ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಇದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯೇ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ರಾಜ್ಯದ ಆದೇಶಕ್ಕಿಂತ ಬಿಗಿ ಮಾಡುವ ಅಧಿಕಾರ ಅವರಿಗೆ ಇತ್ತು, ಸಡಿಲ ಮಾಡುವ ಅಧಿಕಾರ ಇರಲಿಲ್ಲ. ಅವರಿಗೇ ಇಲ್ಲದ್ದು ಪಂಚಾಯಿತಿಗೆ ಎಲ್ಲಿಂದ ಬರಬೇಕು? ಆದೇಶ ಮೀರಿದರೆ ಅದೇ ಕಾಯ್ದೆಯ 51ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ‘ನಮ್ಮೂರಲ್ಲಿ ನಾವು ತೆರೀತೀವಿ’ ಎಂದು ಠರಾವು ಬರೆದರೆ ಅದಕ್ಕೆ ಕಾಗದದ ಬೆಲೆಯೂ ಇಲ್ಲ, ಸಹಿ ಹಾಕಿದವರಿಗೆ ತೊಂದರೆ ಬೇರೆ.

ಹಾಗೆಂದು ಕೈ ಖಾಲಿಯೇನೂ ಅಲ್ಲ. ವಾರದ ಸಂತೆಯ ಜಾಗ, ಸಮುದಾಯ ಭವನದ ಬುಕಿಂಗ್, ಉದ್ಯೋಗ ಖಾತ್ರಿ ಕೆಲಸವನ್ನು ಎಷ್ಟು ಗುಂಪು ಮಾಡಿ ಎಲ್ಲಿ ಕೊಡಬೇಕು ಎಂಬುದು ಪಂಚಾಯಿತಿಯ ಕೈಯಲ್ಲೇ ಇವೆ. ಡೈರಿ ಮತ್ತು ನ್ಯಾಯಬೆಲೆ ಅಂಗಡಿಯ ಸರತಿಯನ್ನು ಅವರ ಜೊತೆ ಮಾತಾಡಿ ಕೇರಿವಾರು ಹಂಚಬಹುದು. ಮೇಲಿನ ಆದೇಶ ಸಡಿಲವಾದ ದಿನ ಊರಲ್ಲಿ ಯಾವುದು ಮೊದಲು, ಯಾವುದು ಎರಡು ವಾರ ಬಿಟ್ಟು ಎಂದು ಒಪ್ಪಂದ ಮಾಡಿಕೊಳ್ಳಬಹುದು. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಮನವಿ ಕಳಿಸಬಹುದು. ಅಂಕಿಯೊಡನೆ ಹೋದ ಮನವಿಗೂ ಬರೀ ಗೋಳಿನ ಮನವಿಗೂ ಬಹಳ ವ್ಯತ್ಯಾಸವಿದೆ.

ಖಂಡಿತ ಮಾಡಬಾರದ ಕೆಲಸ ಒಂದಿದೆ: ರಸ್ತೆಗೆ ಮರ ಕಡಿದು ಹಾಕುವುದು, ಮುಳ್ಳು ಕಟ್ಟುವುದು, ಜೆಸಿಬಿ ತಂದು ಅಗಳು ತೋಡುವುದು. 2020ರಲ್ಲಿ ಎಷ್ಟೋ ಊರುಗಳು ಹೀಗೆ ತಮಗೆ ತಾವೇ ದಿಗ್ಬಂಧನ ಹಾಕಿಕೊಂಡವು. ಮಲೆನಾಡಿನಲ್ಲಿ ಊರಿಗೆ ಇರುವುದೇ ಒಂದು ದಾರಿ. ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ, ಉಸಿರು ಕಟ್ಟಿದವರಿಗೆ 108 ಬರಬೇಕಾದದ್ದೂ ಅದೇ ದಾರಿಯಲ್ಲಿ.

ವಾಟ್ಸಾಪಿನಲ್ಲಿ ಬಂದ ಆದೇಶವನ್ನು ಸಭೆಯಲ್ಲಿ ಓದುವ ಮೊದಲು ಆದೇಶ ಸಂಖ್ಯೆ, ದಿನಾಂಕ, ಯಾವ ದಿನದಿಂದ ಯಾವ ದಿನದವರೆಗೆ, ಯಾರ ಸಹಿ ಎಂದು ನೋಡಿ. ಇವುಗಳಲ್ಲಿ ಒಂದು ಕಾಣದಿದ್ದರೂ ತಾಲ್ಲೂಕು ಕಚೇರಿಗೆ ಫೋನ್ ಮಾಡಿ. ಕಳೆದ ತಿಂಗಳ ಆದೇಶವೇ ತಿರುಗಿ ಬಂದಿರುವುದು ಮಾಮೂಲು.

ಅಂಕಿ ಸಿದ್ಧ ಮಾಡುವುದು

ಸಭೆಗೆ ಮೂರು ದಿನ ಮೊದಲೇ ಒಂದು ಹಾಳೆ ತಯಾರಿರಬೇಕು. ಅದರಲ್ಲಿ ಕೇರಿವಾರು, ಕಳೆದ 14 ದಿನದ್ದು: ಹೊಸದಾಗಿ ಜ್ವರ ಕಂಡ ಮನೆಗಳೆಷ್ಟು, ಪರೀಕ್ಷೆ ಎಷ್ಟು, ಪಾಸಿಟಿವ್ ಎಷ್ಟು, ಆಸ್ಪತ್ರೆಗೆ ಹೋದವರೆಷ್ಟು, 60 ದಾಟಿದವರಲ್ಲಿ ಲಸಿಕೆ ಆದವರೆಷ್ಟು. ಹೆಸರು ಬೇಡ, ಮನೆ ನಂಬರೂ ಬೇಡ. ಸೋಂಕಿತರ ಮನೆ ಮುಂದೆ ಪೋಸ್ಟರ್ ಅಂಟಿಸುವುದಕ್ಕೆ ಸುಪ್ರೀಂ ಕೋರ್ಟೇ 2020ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು. ಸಕ್ಷಮ ಪ್ರಾಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದೇಶನ ಕೊಟ್ಟ ಹೊರತು ಅಂಟಿಸುವಂತಿಲ್ಲ.

ಪಾಸಿಟಿವಿಟಿ ದರದ ಲೆಕ್ಕ ಸುಲಭ: ಪಾಸಿಟಿವ್ ಸಂಖ್ಯೆಯನ್ನು ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆಯಿತು. ಕಷ್ಟ ಇರುವುದು ಅದನ್ನು ಓದುವುದರಲ್ಲಿ. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು, ತೆರೆಯುವ ಮೊದಲು 14 ದಿನವಾದರೂ ದರ ಶೇ 5ಕ್ಕಿಂತ ಕೆಳಗಿರಲಿ ಎಂದು. 2021ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಬಿಗಿ ನಿರ್ಬಂಧಕ್ಕೆ ಎರಡು ಗೆರೆ ಎಳೆಯಿತು: ಒಂದು ವಾರದ ದರ ಶೇ 10 ಅಥವಾ ಹೆಚ್ಚು, ಇಲ್ಲವೇ ಆಕ್ಸಿಜನ್ ಮತ್ತು ಐಸಿಯು ಹಾಸಿಗೆಗಳಲ್ಲಿ ಶೇ 60ಕ್ಕಿಂತ ಹೆಚ್ಚು ಭರ್ತಿ. ಇವು ಜಿಲ್ಲೆಗೆ, ನಗರಕ್ಕೆ ಹಾಕಿದ ಗೆರೆಗಳು. ಒಂದು ಪಂಚಾಯಿತಿಯಲ್ಲಿ ವಾರಕ್ಕೆ 8 ಪರೀಕ್ಷೆಯಾಗಿ ಒಂದು ಪಾಸಿಟಿವ್ ಬಂದರೆ ದರ ಶೇ 12.5, ಆ ಒಂದು ನೆಗೆಟಿವ್ ಆಗಿದ್ದರೆ ಸೊನ್ನೆ. ಇಷ್ಟು ಹೊಯ್ದಾಡುವ ಅಂಕಿ ಹಿಡಿದು ಜಗಳವಾಡಿ ಪ್ರಯೋಜನವಿಲ್ಲ. 14 ದಿನದಲ್ಲಿ 50 ಪರೀಕ್ಷೆ ಆಗದಿದ್ದರೆ ಶೇಕಡಾವಾರು ಹಾಕಲೇಬೇಡಿ; ಹೊಸ ಪಾಸಿಟಿವ್ ಎಷ್ಟು, ಹೊಸ ಜ್ವರದ ಮನೆ ಎಷ್ಟು ಎಂಬ ಸಂಖ್ಯೆಯನ್ನೇ ಹಿಂದಿನ 14 ದಿನಕ್ಕೆ ಹೋಲಿಸಿ. ದರಕ್ಕೆ ತಾಲ್ಲೂಕಿನದ್ದನ್ನು ನೋಡಿ.

ಇನ್ನೊಂದು ಎಡವಟ್ಟು ಮಲೆನಾಡಿಗೇ ಸೇರಿದ್ದು. ಎಡೆಬಿಡದೆ ಮಳೆ ಹೊಡೆದ ವಾರ ಸ್ಯಾಂಪಲ್ ತೆಗೆಯುವವರು ಊರಿಗೆ ಬರಲಾಗುವುದಿಲ್ಲ, ಕರೆಂಟು ನೆಟ್‌ವರ್ಕು ಹೋಗಿ ವರದಿಯೂ ತಡ. ಹಾಳೆಯಲ್ಲಿ ‘ಇಳಿದಿದೆ’ ಎಂದು ಕಾಣುತ್ತದೆ, ಇಳಿದಿರುವುದು ಪರೀಕ್ಷೆ. ಆದ್ದರಿಂದ ಜ್ವರದ ಮನೆಗಳ ಸಾಲನ್ನು ಯಾವಾಗಲೂ ಪಕ್ಕದಲ್ಲಿಟ್ಟು ಓದಬೇಕು. ಜ್ವರವೆಲ್ಲ ಕೋವಿಡ್ ಆಗಿರಬೇಕಿಲ್ಲ: ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ, ಮಳೆ ಶುರುವಾದ ಮೇಲೆ ಡೆಂಗಿ, ಗದ್ದೆ ಕೆಲಸದವರಿಗೆ ಇಲಿಜ್ವರ. ಕಾಡಿಗೆ ಹೋಗಿದ್ದರೇ, ಉಣುಗು ಕಚ್ಚಿದೆಯೇ, ಹತ್ತಿರದಲ್ಲಿ ಮಂಗ ಸತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಆಶಾ ಅವರ ಹಾಳೆಗೆ ಸೇರಿಸಿ. ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಬಂದು ಲಕ್ಷಣ ಇದ್ದವರಿಗೆ ಆರ್‌ಟಿಪಿಸಿಆರ್ ಮಾಡಿಸಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮವಾಗಿತ್ತು. ಆ ವರದಿ ಬಾಕಿ ಇರುವವರನ್ನು ನೆಗೆಟಿವ್ ಲೆಕ್ಕಕ್ಕೆ ಹಾಕಬೇಡಿ.

ಅಳತೆಗೋಲೇ ಬದಲಾಗುತ್ತದೆ ಎಂಬುದನ್ನೂ ಸಭೆಗೆ ಹೇಳಿ. 2021ರಲ್ಲಿ ಜಿಲ್ಲೆಗಳನ್ನು ಪಾಸಿಟಿವಿಟಿಯಲ್ಲಿ ಅಳೆದರು. 2022ರ ಜನವರಿ 21ರಂದು ವಾರಾಂತ್ಯ ಕರ್ಫ್ಯೂ ತೆಗೆದಾಗ ರಾಜ್ಯದಲ್ಲಿ ಪ್ರಕರಣಗಳು ಇನ್ನೂ ಹೆಚ್ಚಿದ್ದವು. ಆಸ್ಪತ್ರೆ ಸೇರುವವರು ಕಡಿಮೆ ಎಂಬುದು ಆಗಿನ ಕಾರಣ. ‘ಆಗ ಹಾಗೆ, ಈಗ ಹೀಗೆ ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಸಿಕೆ, ಹಿಂದಿನ ಸೋಂಕು, ವೈರಸ್ಸಿನ ತಳಿ ಬದಲಾದರೆ ಅಂಕಿಯ ತೂಕವೂ ಬದಲಾಗುತ್ತದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಬಿಡಿಸಿ ಹೇಳಲಿ.

ಸಭೆ ಕೂರಿಸುವುದು

25 ಜನಕ್ಕಿಂತ ಹೆಚ್ಚು ಬೇಡ, ಒಂದೂವರೆ ಗಂಟೆ ಸಾಕು. ಶಾಲೆಯ ಅಂಗಳ ಒಳ್ಳೆಯದು; ಮಳೆಯಿದ್ದರೆ ಜಗಲಿ, ಇಲ್ಲವೇ ಎರಡೂ ಕಡೆ ಬಾಗಿಲು ತೆರೆದ ಹಾಲ್. ಬರಬೇಕಾದವರು: ಆಶಾ, ಆರೋಗ್ಯ ಕೇಂದ್ರದವರು, ಬೀಟ್ ಪೊಲೀಸ್, ಕೂಲಿಗೆ ಹೋಗುವ ಹೆಂಗಸರು ಕನಿಷ್ಠ ನಾಲ್ವರು, ಆಟೋದವರು, ಕ್ಷೌರದಂಗಡಿಯವರು, ಟೈಲರ್, ಹೋಟೆಲಿನವರು, ದಿನಸಿ ಅಂಗಡಿಯವರು, ತೋಟದವರು, ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು), ದೇವಸ್ಥಾನ, ಮಸೀದಿ, ಚರ್ಚ್ ಸಮಿತಿಯಿಂದ ಒಬ್ಬೊಬ್ಬರು.

ಮಾತಿನ ಸರದಿಯನ್ನು ಮೊದಲೇ ಚೀಟಿಯಲ್ಲಿ ಬರೆದಿಡಿ. ದಿನದ ದುಡಿಮೆ ಕಳೆದುಕೊಂಡವರು ಮೊದಲು, ಆಮೇಲೆ ಆಶಾ, ತೋಟದ ಹೆಗ್ಗಡೆ ಹಿರಿಯರು ಕೊನೆಗೆ. ನಮ್ಮ ಕಡೆ ದೊಡ್ಡ ಮನೆಯವರು ಮೊದಲು ಬಾಯಿ ಬಿಟ್ಟರೆ ಸಭೆ ಅಲ್ಲಿಗೇ ಮುಗಿಯಿತು. ನಾಳೆ ಅವರ ತೋಟಕ್ಕೇ ಕೆಲಸಕ್ಕೆ ಹೋಗಬೇಕಾದವರು ಎದುರು ಮಾತಾಡುವುದಿಲ್ಲ, ಹೊರಗೆ ಹೋಗಿ ಬೈಯುತ್ತಾರೆ. ಒಬ್ಬರಿಗೆ ಎರಡು ನಿಮಿಷ.

ಅಧ್ಯಕ್ಷತೆ ವಹಿಸಿದವರು ಮೂರು ಬಗೆಯ ಮಾತನ್ನು ಬೇರ್ಪಡಿಸಬೇಕು. ‘ಕೆಳಕೇರಿಯಲ್ಲಿ ಎಲ್ಲರಿಗೂ ಇದೆಯಂತೆ’ ಎಂಬುದಕ್ಕೆ ಉತ್ತರ ಹಾಳೆಯಲ್ಲಿದೆ, ತೆಗೆದು ಓದಿ. ‘ಅಂಗಡಿ ತೆರೆಯೋಕೆ ಪೊಲೀಸ್ರು ಬಿಡಲ್ಲ’ ಎಂಬುದು ಅಧಿಕಾರದ ಮಾತು, ಆದೇಶ ತೋರಿಸಿ. ‘ಮುದುಕರ ಜೀವ ದೊಡ್ಡದೋ ನಮ್ಮ ಹೊಟ್ಟೆ ದೊಡ್ಡದೋ’ ಎಂಬುದು ಮಾತ್ರ ನಿಜವಾದ ಭಿನ್ನಾಭಿಪ್ರಾಯ. ಸಭೆಯ ಹೊತ್ತೆಲ್ಲ ಅದಕ್ಕೇ ಸಿಗಬೇಕು. ಅದನ್ನು ಅಂಕಿ ತೋರಿಸಿ ಬಾಯಿ ಮುಚ್ಚಿಸಲು ಹೋಗಬೇಡಿ, ಆಗುವುದೂ ಇಲ್ಲ.

ಕೆಲಸಗಳ ಪಟ್ಟಿ

‘ತೆರೆಯೋಣವೇ?’ ಎಂದು ಕೇಳಿದರೆ ಎರಡೇ ಬಣ ಆಗುತ್ತದೆ. ‘ಯಾವುದನ್ನು?’ ಎಂದು ಕೇಳಿದರೆ ಬಣ ಒಡೆಯುತ್ತದೆ, ಯಾಕೆಂದರೆ ಸಂತೆ ಬೇಡವೆನ್ನುವ ತೋಟದವರಿಗೇ ಔಷಧಿ ಹೊಡೆಯಲು ಆಳು ಬೇಕು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಐದು ಕಾಲಂ ಹಾಕಿ: ಕೆಲಸ, ಒಳಗೋ ಹೊರಗೋ, ಎಷ್ಟು ಜನ ಎಷ್ಟು ಹೊತ್ತು, ನಿಲ್ಲಿಸಿದರೆ ಯಾರಿಗೆ ನಷ್ಟ, ಬೇರೆ ರೀತಿ ಮಾಡಬಹುದೇ.

ಔಷಧಿ ಹೊಡೆಯುವುದನ್ನೇ ತೆಗೆದುಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣ ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40–45 ದಿನಕ್ಕೆ ಇನ್ನೊಮ್ಮೆ ಬೀಳಲೇಬೇಕು. ಮೊದಲ ಸುತ್ತು ತಪ್ಪಿದರೆ ಕೊಳೆ ರೋಗ ಬಂದು ವರ್ಷದ ಫಸಲು ಉದುರುತ್ತದೆ. ಎರಡು ವಾರ ಮುಂದೂಡಿ ಎನ್ನುವಂತಿಲ್ಲ. ಮರದ ಮೇಲೆ ಸೋಂಕಿನ ಭಯವಿಲ್ಲ. ಭಯ ಇರುವುದು ನಾಲ್ಕು ಊರಿನವರನ್ನು ತುಂಬಿಕೊಂಡು ಬರುವ ಪಿಕಪ್ಪಿನಲ್ಲಿ, ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ. ಹಾಗಾಗಿ ಷರತ್ತು ಅಲ್ಲಿಗೇ ಹಾಕಿ: ಒಂದು ತಂಡದಲ್ಲಿ ಅವೇ ಮೂರು ನಾಲ್ಕು ಜನ, ತಂಡ ಬದಲಾಯಿಸುವಂತಿಲ್ಲ, ಗಾಡಿಯ ಟಾರ್ಪಾಲು ಎತ್ತಿರಬೇಕು, ಊಟ ಅಂಗಳದಲ್ಲಿ ದೂರದೂರ. ಜ್ವರ ಬಂದವರಿಗೆ ಅರ್ಧ ಕೂಲಿಯಾದರೂ ಕೊಡುತ್ತೇವೆ ಎಂದು ತೋಟದವರು ಒಪ್ಪಿದರೆ ಮಾತ್ರ ಜ್ವರ ಮುಚ್ಚಿಟ್ಟು ಬರುವುದು ನಿಲ್ಲುತ್ತದೆ.

ಅಡಿಕೆ ಸುಲಿತ ಇದಕ್ಕೆ ತದ್ವಿರುದ್ಧ. 2022ರ ಜನವರಿಯ ರಾತ್ರಿ ಕರ್ಫ್ಯೂ, ವಾರಾಂತ್ಯ ಕರ್ಫ್ಯೂ ಬಂದದ್ದು ಸರಿಯಾಗಿ ಸುಲಿತದ ಕಾಲಕ್ಕೆ. ಹತ್ತಿಪ್ಪತ್ತು ಜನ ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಒಂದೇ ಚಾವಡಿಯಲ್ಲಿ, ಚಳಿಗೆ ಕಿಟಕಿ ಮುಚ್ಚಿ, ಮಾತಾಡುತ್ತಾ ಕೂರುತ್ತಾರೆ. ಮಲೆನಾಡಿನ ಕೆಲಸಗಳಲ್ಲಿ ಸೋಂಕು ಹರಡಲು ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಬದಲಿ ದಾರಿ ಮೂರು: ಹಗಲಲ್ಲೇ ಅಂಗಳದ ಚಪ್ಪರದಡಿ ಸುಲಿಯುವುದು, ಮನೆಗೆ ಗೊನೆ ಕಳಿಸಿ ಲೆಕ್ಕದ ಮೇಲೆ ಸುಲಿಸುವುದು, ಸುಲಿಯುವ ಯಂತ್ರ. ಮೂರನೆಯದನ್ನು ಸಲೀಸಾಗಿ ಹೇಳಬೇಡಿ. ಯಂತ್ರ ಒಮ್ಮೆ ಬಂದರೆ ಆ ಹೆಂಗಸರ ಕೂಲಿ ಕಾಯಿಲೆ ಹೋದ ಮೇಲೂ ವಾಪಸ್ ಬರುವುದಿಲ್ಲ.

ಕೆಲಸ ಅದೇ ಆದರೂ ತಿಂಗಳು ಬದಲಾದರೆ ಅಪಾಯ ಬದಲಾಗುತ್ತದೆ. ಏಪ್ರಿಲಿನಲ್ಲಿ ಕಟ್ಟೆಯ ಮೇಲೆ ನಡೆಯುವ ಹರಟೆ, ಚಹಾ ಜುಲೈನಲ್ಲಿ ಹೋಟೆಲಿನ ಒಳಗೆ, ಬಾಗಿಲೆಳೆದುಕೊಂಡು ನಡೆಯುತ್ತದೆ. ಬೇಸಿಗೆಯಲ್ಲಿ ಒಪ್ಪಿದ ಪಟ್ಟಿಯನ್ನು ಮಳೆ ಹಿಡಿದ ಮೇಲೆ ಮತ್ತೆ ತಿದ್ದಲೇಬೇಕು.

ಮದುವೆಯ ವಿಷಯ ಚಿಕ್ಕದು, ಜಗಳ ದೊಡ್ಡದು. 2021ರ ಮೇನಲ್ಲಿ ಮನೆಯಲ್ಲೇ, 40 ಜನ ಎಂದು ಮಿತಿ ಇತ್ತು. ಎಣಿಕೆಯನ್ನು ಎಲೆ ಲೆಕ್ಕದಲ್ಲಿ ಹಿಡಿಯಿರಿ: ಅಡಿಗೆಯವರು, ಪುರೋಹಿತರು, ವಾದ್ಯದವರೂ ಸೇರಿ ಒಟ್ಟು ಎಲೆ 40. ಪಂಕ್ತಿ ಮೇಲೆ ಪಂಕ್ತಿ ಎಂದು ಬಿಟ್ಟರೆ ಅದು 40 ಆಗಿ ಉಳಿಯುವುದಿಲ್ಲ. ಒಂದು ಪ್ರಭಾವಿ ಮನೆಗೆ ವಿನಾಯಿತಿ ಕೊಟ್ಟರೆ ಆ ವಾರದಿಂದ ಊರಲ್ಲಿ ಯಾವ ನಿಯಮವೂ ನಡೆಯದು. ಕ್ಷೌರ, ಟೈಲರಿಂಗ್‌ಗೆ ಒಮ್ಮೆಗೆ ಒಬ್ಬರು, ಬಾಗಿಲು ತೆರೆದು, ಸಾಧ್ಯವಾದರೆ ಜಗಲಿಯಲ್ಲಿ. ಗದ್ದೆ ನಾಟಿಗೆ ವಿಶೇಷ ನಿಯಮವೇ ಬೇಡ.

ಗೆರೆ ಎಳೆಯುವುದು

ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವರಿಗೆ 14 ದಿನದವರೆಗೆ ಬೇಕಾಗುತ್ತಿತ್ತು. ಉಸಿರಾಟದ ತೊಂದರೆ ಕಾಣುವುದು ಅದಾಗಿ ಇನ್ನೊಂದು ವಾರಕ್ಕೆ. ಇವತ್ತು ತೆರೆದದ್ದರ ಫಲ ಆಸ್ಪತ್ರೆಯಲ್ಲಿ ಕಾಣಲು ಹತ್ತಿರ ಹತ್ತಿರ ಎರಡು ವಾರ. ಆದ್ದರಿಂದ ಒಂದು ಹಂತಕ್ಕೂ ಇನ್ನೊಂದಕ್ಕೂ 14 ದಿನ ಬಿಡಿ. ಎಲ್ಲವನ್ನೂ ಒಂದೇ ದಿನ ತೆರೆದರೆ ಏರಿಕೆ ಬಂದಾಗ ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಆಗ ಬೆರಳು ಹೋಗುವುದು ಯಾವುದಾದರೂ ಜಾತಿಯ ಕಡೆ, ಧರ್ಮದ ಕಡೆ, ಇಲ್ಲವೇ ‘ಬೆಂಗಳೂರಿಂದ ಬಂದವರ’ ಕಡೆ.

ತೆರೆಯುವ ಗೆರೆ ಹೀಗಿರಬಹುದು: ಸತತ ಎರಡು ವಾರ ಹೊಸ ಜ್ವರದ ಮನೆಗಳು ಇಳಿಯುತ್ತಿರಬೇಕು, ಜ್ವರದ ಪ್ರತಿ ಹೊಸ ಮನೆಯಲ್ಲೂ ಒಬ್ಬರಿಗಾದರೂ ಪರೀಕ್ಷೆ ಆಗಿರಬೇಕು, ತಾಲ್ಲೂಕು ದರ ಶೇ 5ರ ಕೆಳಗಿರಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಖಾಲಿ ಇರಬೇಕು. ನಾಲ್ಕೂ ಆದರೆ ಮುಂದಿನ ಹಂತ. ಮುಚ್ಚುವ ಗೆರೆಗೆ ಒಂದೇ ಸಾಕು: ಒಂದು ಕೇರಿಯಲ್ಲಿ ವಾರದೊಳಗೆ ಹೊಸ ಜ್ವರದ ಮನೆ ಎರಡರಷ್ಟಾದರೆ ಆ ಕೇರಿಯಲ್ಲಿ ಮಾತ್ರ ಒಂದು ಹಂತ ಹಿಂದಕ್ಕೆ. ಇಡೀ ಪಂಚಾಯಿತಿಯನ್ನು ಮುಚ್ಚುವ ಅಗತ್ಯ ಮಲೆನಾಡಿನಲ್ಲಿ ಅಪರೂಪ. ಮನೆಗಳು ಹೇಗೂ ಚದುರಿವೆ.

ಜ್ವರದ ಮನೆಯಲ್ಲಿ ಪರೀಕ್ಷೆ ಆಗಿರಬೇಕೆಂಬ ಎರಡನೆಯ ಷರತ್ತನ್ನು ಕೈಬಿಟ್ಟರೆ ಇಡೀ ವ್ಯವಸ್ಥೆ ಕೆಡುತ್ತದೆ. ಪಾಸಿಟಿವ್ ಕಡಿಮೆಯಾದರೆ ಅಂಗಡಿ ತೆರೆಯುತ್ತದೆ ಎಂದಾದ ಕ್ಷಣವೇ ‘ಟೆಸ್ಟ್ ಮಾಡಿಸಬೇಡ’ ಎಂಬ ಒತ್ತಡ ಶುರುವಾಗುತ್ತದೆ. ಜ್ವರ ಬಂದವರು ಕಷಾಯ ಕುಡಿದು ಒಳಗೆ ಮಲಗುತ್ತಾರೆ, ಆಶಾ ಬಂದರೆ ‘ಎಲ್ಲ ಆರಾಮ’ ಎನ್ನುತ್ತಾರೆ. ಪರೀಕ್ಷೆ ತಪ್ಪಿದರೆ ಹಂತ ತಪ್ಪುತ್ತದೆ ಎಂದಿದ್ದರೆ ಒತ್ತಡ ತಿರುಗಿ ಬೀಳುತ್ತದೆ.

ದೂರದ ಊರುಗಳಿಗೆ ಗೆರೆ ಇನ್ನೂ ಬಿಗಿಯಾಗಿರಲಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಬರುವವರೆಗೆ ಲಾಂಚ್ ನಿಂತರೆ ಸಾಗರ ಪಟ್ಟಣಕ್ಕೆ ಹತ್ತಿರದ ದಾರಿಯೇ ಇರಲಿಲ್ಲ. ಇಂಥ ಕಡೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂಬುದರಿಂದ ಅರ್ಧ ಸಮಾಧಾನ ಮಾತ್ರ. ತಲುಪುವ ಹೊತ್ತನ್ನೂ ಲೆಕ್ಕ ಹಿಡಿಯಬೇಕು. ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯದೆ ಹೊರಡಿಸಿ. ಮಳೆಗಾಲದಲ್ಲಿ ಕೈ ತಣ್ಣಗಿದ್ದರೆ ಯಂತ್ರ ಕಡಿಮೆ ತೋರಿಸಬಹುದು, ಬೆರಳು ಉಜ್ಜಿ ಬಿಸಿ ಮಾಡಿ ಇನ್ನೊಮ್ಮೆ ನೋಡಿ.

ನಷ್ಟದ ಲೆಕ್ಕ

‘ಯಾರಿಗೆ ನಷ್ಟ’ ಎಂಬ ನಾಲ್ಕನೇ ಕಾಲಂ ತುಂಬಿ ಸುಮ್ಮನಾದರೆ ಮುಂದಿನ ಸಭೆಗೆ ಕೂಲಿಯವರು ಬರುವುದಿಲ್ಲ. ಮುಚ್ಚಿರಲಿ ಎಂದು ವಾದಿಸಿದವರಲ್ಲಿ ತಿಂಗಳ ಸಂಬಳ, ತೋಟದ ಆದಾಯ ಇರುವವರೇ ಹೆಚ್ಚು. ಮುಚ್ಚಿದ್ದರ ಬೆಲೆ ತೆರುವವರು ಬೇರೆ. ಯಾವ ನೆರವಿಗೆ ಯಾರು ಅರ್ಹರು ಎಂಬ ಪಟ್ಟಿಯನ್ನು ಸಭೆಯಲ್ಲೇ ಮಾಡಿ. 2021ರ ಮೇನಲ್ಲಿ ರಾಜ್ಯ ಘೋಷಿಸಿದ ಪ್ಯಾಕೇಜಿನಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ 3,000 ರೂಪಾಯಿ, ಕ್ಷೌರಿಕರು, ಟೈಲರುಗಳಂಥವರಿಗೆ 2,000 ರೂಪಾಯಿ ಇತ್ತು. ಆನ್‌ಲೈನ್ ಅರ್ಜಿಗೆ ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಬೇಕಾದ ಊರುಗಳಲ್ಲಿ ಅರ್ಜಿ ತುಂಬಲು ಇಬ್ಬರು ಹುಡುಗರನ್ನು ನೇಮಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ವೃತ್ತಿ ತೋರಿಸುವ ಕಾಗದದ ನಕಲು ಒಟ್ಟು ಮಾಡಲಿ. ಉದ್ಯೋಗ ಖಾತ್ರಿ ಕೆಲಸವನ್ನು ಕೇರಿವಾರು ಸಣ್ಣ ಗುಂಪಿಗೆ, ಬೇರೆ ಬೇರೆ ಜಾಗದಲ್ಲಿ ಕೊಟ್ಟರೆ ಹೊರಗಿನ ಕೆಲಸ, ಕೂಲಿ ಎರಡೂ ಸಿಗುತ್ತದೆ.

ಠರಾವು ಮತ್ತು ಬೋರ್ಡು

ಒಪ್ಪದವರ ಮಾತನ್ನೂ ಅವರು ಹೇಳಿದಂತೆಯೇ ನಡಾವಳಿಯಲ್ಲಿ ಬರೆಯಿರಿ, ಬಹುಮತದವರ ಮಾತಿನಷ್ಟೇ ಜಾಗ ಕೊಟ್ಟು. ಮುಂದಿನ ಸಭೆಯ ದಿನ ನಿಗದಿ ಮಾಡದೆ ಏಳಬೇಡಿ. 14ನೇ ದಿನ, ಅಂಕಿ ಬರಲಿ ಬಿಡಲಿ. ಠರಾವನ್ನು ವಾಟ್ಸಾಪಿಗೆ ಮಾತ್ರ ಹಾಕಿದರೆ ಅರ್ಧ ಊರಿಗೆ ತಲುಪದು. ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ಈ ಮೂರು ಕಡೆ ದೊಡ್ಡ ಅಕ್ಷರದಲ್ಲಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಾಕಿ. ಬರಹ ಹೀಗಿರಲಿ:

‘ಹಂತ 2. ಜಿಲ್ಲಾಧಿಕಾರಿಗಳ ಆದೇಶ ಸಂಖ್ಯೆ ……, ದಿನಾಂಕ ……. ಇಂದಿನಿಂದ …… ತಾರೀಕಿನವರೆಗೆ. ತೆರೆದಿರುವುದು: …… (ಸಮಯ ……). ಮುಚ್ಚಿರುವುದು: ……. ಕಳೆದ 14 ದಿನ: ಹೊಸ ಜ್ವರದ ಮನೆ ……, ಪರೀಕ್ಷೆ ……, ಪಾಸಿಟಿವ್ ……. ಅದಕ್ಕೂ ಹಿಂದಿನ 14 ದಿನ: ……, ……, ……. ಹಂತ 3ಕ್ಕೆ ಇನ್ನೂ ಬೇಕಾದದ್ದು: ……. ಜ್ವರವಿದ್ದರೆ ತಿಳಿಸಬೇಕಾದವರು: ನಿಮ್ಮ ಕೇರಿಯ ಆಶಾ. ತಕರಾರಿದ್ದರೆ: …… ತಾರೀಕಿನ ಸಭೆ, ಶಾಲೆ ಅಂಗಳ, ಬೆಳಿಗ್ಗೆ 10ಕ್ಕೆ.’